ಸಂಧಿಸ್ಥಾನಗಳ ನಿರ್ವಹಣೆ: ಉಡಾವಣಾ ವಾಹನಗಳ ಅಭಿವೃದ್ಧಿಯ ಒಂದು ಮುಖ

ಬಿಡಿಭಾಗಗಳ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಯಂತ್ರವೊಂದು ಸಂಕೀರ್ಣ ವ್ಯವಸ್ಥೆ ಎನಿಸುವುದಿಲ್ಲ. ಒಂದು ಭಾಗದಲ್ಲಿ ಮಾಡಿದ ಬದಲಾವಣೆ ಮತ್ತೊಂದರ ವರ್ತನೆಯನ್ನು ಪಲ್ಲಟಗೊಳಿಸುವಂತಿದ್ದು, ಆ ಎರಡನ್ನೂ ಬೇರೆ ಬೇರೆ ತಂಡಗಳು ರೂಪಿಸುತ್ತಿದ್ದಲ್ಲಿ, ತಾಂತ್ರಿಕ ಪ್ರಶ್ನೆಯೊಡನೆ ನಿರ್ವಹಣೆಯ ಪ್ರಶ್ನೆಯೂ ಹುಟ್ಟಿಕೊಳ್ಳುತ್ತದೆ. ಭಾರತದ ಉಡಾವಣಾ ವಾಹನಗಳ ಇತಿಹಾಸ ಇದಕ್ಕೆ ಸ್ಪಷ್ಟ ನಿದರ್ಶನ. ವಾಹನದ ವಿನ್ಯಾಸ ತಿರುವನಂತಪುರದಲ್ಲಿ, ದ್ರವ ಎಂಜಿನ್ನುಗಳ ಪರೀಕ್ಷೆ ಮಹೇಂದ್ರಗಿರಿಯಲ್ಲಿ, ಉಪಗ್ರಹದ ನಿರ್ಮಾಣ ಬೆಂಗಳೂರಿನಲ್ಲಿ, ಇವೆಲ್ಲ ಒಂದುಗೂಡಿ ಮೇಲೇರುವುದು ಶ್ರೀಹರಿಕೋಟಾದಲ್ಲಿ.

ಎಎಸ್‌ಎಲ್‌ವಿ ವಾಹನದ ಮೊದಲ ಎರಡು ಹಾರಾಟಗಳು ವಿಫಲವಾದವು. 1987ರ ಮಾರ್ಚ್ 24ರಂದು ಪಾರ್ಶ್ವದ ಎರಡು ರಾಕೆಟ್ಟುಗಳು ಉರಿದು ಮುಗಿದವು; ಅವುಗಳ ಹೊಣೆಯನ್ನು ವಹಿಸಿಕೊಳ್ಳಬೇಕಾಗಿದ್ದ ನಡುವಿನ ಮೋಟಾರು ಹೊತ್ತಿಕೊಳ್ಳಲಿಲ್ಲ. 1988ರ ಜುಲೈ 13ರಂದು ಅದು ಹೊತ್ತಿಕೊಂಡಿತಾದರೂ, ಒಂದರ ನೂಕುಬಲ ಅಡಗಿ ಇನ್ನೊಂದರದು ಮೊದಲಾಗುವ ಅಲ್ಪ ಅಂತರದಲ್ಲಿ ವಾಹನವು ಹತೋಟಿ ತಪ್ಪಿತು. ಆ ಬಳಿಕ ನಡುವಿನ ಮೋಟಾರನ್ನು ಗಡಿಯಾರದ ನಿಗದಿತ ಕ್ಷಣಕ್ಕೆ ಹೊತ್ತಿಸುವ ಬದಲು, ಪಾರ್ಶ್ವದ ರಾಕೆಟ್ಟುಗಳ ನೂಕುಬಲ ಕುಗ್ಗಿದ್ದನ್ನು ಗ್ರಹಿಸಿ ಹೊತ್ತಿಸುವ ಏರ್ಪಾಟು ಬಂದಿತು. 1992ರ ಮೇ 20ರ ಮೂರನೆಯ ಹಾರಾಟ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

1993ರ ಸೆಪ್ಟೆಂಬರ್ 20ರಂದು ಹಾರಿದ ಮೊದಲ ಪಿಎಸ್‌ಎಲ್‌ವಿಯ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಉಡುಪಿ ಸೀಮೆಯ ಯು. ಆರ್. ರಾವ್ ಅವರು ಸಂಸ್ಥೆಯ ಅಧ್ಯಕ್ಷರಾಗಿದ್ದ ಕಾಲವದು. ಎರಡನೆಯ ಹಂತ ಕಳಚಿ ಮೂರನೆಯದು ಮುಂದುವರಿಯುವ ಘಳಿಗೆಯಲ್ಲಿ ನಿರೀಕ್ಷೆಯನ್ನು ಮೀರಿದ ಅಲುಗಾಟ ಉಂಟಾಯಿತು. ಅದನ್ನು ಸರಿಪಡಿಸಬೇಕಾದ ಗಣಕದ ತಂತ್ರಾಂಶದಲ್ಲಿಯೂ ದೋಷವೊಂದು ಅಡಗಿತ್ತು: ಆಜ್ಞೆಯ ಮೌಲ್ಯವು ಗರಿಷ್ಠ ಮಿತಿಯನ್ನು ದಾಟಿದೊಡನೆ ಲೆಕ್ಕ ತಪ್ಪುತ್ತಿತ್ತು. ಅಲುಗಾಟ ಮಿತಿಯೊಳಗೆ ಇದ್ದಿದ್ದರೆ ಆ ದೋಷ ತಲೆಯೆತ್ತುತ್ತಲೇ ಇರಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಸಣ್ಣವೆನಿಸುವ ಎರಡು ಕುಂದುಗಳು ಕೂಡಿಕೊಂಡು ಐಆರ್‌ಎಸ್-1ಇ ಉಪಗ್ರಹವನ್ನು ಸಮುದ್ರದ ಪಾಲು ಮಾಡಿದವು. ಮುಂದಿನ ಹಾರಾಟ 1994ರ ಅಕ್ಟೋಬರ್ 15ರಂದು ಯಶಸ್ವಿಯಾಯಿತು.

ಮೂರೂ ವೈಫಲ್ಯಗಳು ಒಂದು ಭಾಗ ತನ್ನ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸುವ ಜಾಗದಲ್ಲಿ ಒದಗಿದವೆಂಬುದು ಗಮನಾರ್ಹ. ವ್ಯಾಕರಣದ ಸಂಧಿಯಲ್ಲಿಯೂ ಹೀಗೆಯೇ: ಎರಡು ಪದಗಳು ಸ್ವತಃ ನಿರ್ದುಷ್ಟವಾಗಿದ್ದರೂ ಅವು ಕೂಡುವೆಡೆಯಲ್ಲಿ ಲೋಪವೋ ಆಗಮವೋ ಆದೇಶವೋ ಆಗಿಯೇ ತೀರುತ್ತದೆ. ವಿಶೇಷವೆಂದರೆ, ಯಂತ್ರದ ಪ್ರತಿಯೊಂದು ಭಾಗಕ್ಕೂ ಒಡೆಯನಿರುತ್ತಾನೆ, ಸಂಧಿಗೆ ಒಡೆಯನಿರುವುದಿಲ್ಲ. ಮೋಟಾರಿನವರು ತಮ್ಮ ಮೋಟಾರನ್ನು, ತಂತ್ರಾಂಶದವರು ತಮ್ಮ ತಂತ್ರಾಂಶವನ್ನು ಪರೀಕ್ಷಿಸಿ ತೃಪ್ತರಾಗುವುದು ಸಹಜ. ಆದುದರಿಂದಲೇ ವ್ಯವಸ್ಥಾ ಎಂಜಿನಿಯರಿಂಗಿನಲ್ಲಿ ಎರಡು ಭಾಗಗಳ ನಡುವಣ ಒಪ್ಪಂದವನ್ನು, ಅಂದರೆ ಅಳತೆ, ಬಲ, ಸಂಜ್ಞೆ, ಕಾಲ, ಮಾನಗಳನ್ನು, ಲಿಖಿತ ದಾಖಲೆಯಾಗಿಸಿ, ಉಭಯ ತಂಡಗಳ ಸಮ್ಮತಿಯಿಲ್ಲದೆ ಅದರಲ್ಲಿ ಏನನ್ನೂ ತಿದ್ದದಂತೆ ಕಟ್ಟುಮಾಡಲಾಗುತ್ತದೆ. ನಿರೀಕ್ಷಿತ ಮೌಲ್ಯಗಳಷ್ಟೇ ಅಲ್ಲದೆ ಮಿತಿಯಾಚೆಯ ಮೌಲ್ಯಗಳನ್ನೂ ಕೊಟ್ಟು ಇಡೀ ವ್ಯವಸ್ಥೆಯನ್ನು ಪರೀಕ್ಷಿಸುವುದೂ ಇದೇ ಕಾರಣಕ್ಕೆ. ಕೆಲಸ ಬೇಸರದ್ದು, ಕಾಗದಪತ್ರಗಳ ಹೊರೆಯೆಂದು ತರುಣ ಎಂಜಿನಿಯರುಗಳು ಗೊಣಗುವುದೂ ಉಂಟು.

ತೂಕದ ಹಂಚಿಕೆಯೂ ಇಂಥದೇ ಒಪ್ಪಂದ. ಕೊನೆಯ ಹಂತದ ಒಡಲು ಒಂದು ಕಿಲೋಗ್ರಾಂ ಹೆಚ್ಚಿದರೆ ಉಪಗ್ರಹದಲ್ಲಿ ಅಷ್ಟೇ ತೂಕವನ್ನು ಬಿಟ್ಟುಕೊಡಬೇಕಾಗುತ್ತದೆ. ಮೊದಲ ಹಂತದಲ್ಲಿ ಬೆಲೆ ಅಷ್ಟು ತುಟ್ಟಿಯಲ್ಲ. ಯಾರ ಬೇಡಿಕೆಯನ್ನು ಮನ್ನಿಸಬೇಕೆಂಬುದನ್ನು ತೀರ್ಮಾನಿಸಲು ಎಲ್ಲ ತಂಡಗಳ ಮೇಲಿರುವ ಯೋಜನಾ ನಿರ್ದೇಶಕರೇ ಬೇಕು.

ಹೀಗೆ ಪಳಗಿದ ವಾಹನದಲ್ಲಿಯೂ 2017ರ ಆಗಸ್ಟ್ 31ರಂದು ಉಷ್ಣಕವಚವು ಬೇರ್ಪಡದೆ ಉಪಗ್ರಹವು ಅದರೊಳಗೇ ಸೆರೆಯಾಯಿತು. ಎಲ್ಲ ದೋಷಗಳೂ ಸಂಧಿಯಲ್ಲಿಯೇ ಇರುತ್ತವೆಂದಲ್ಲ. 2025ರ ಮೇ 18ರ ಹಾರಾಟದಲ್ಲಿ ಕುಸಿದದ್ದು ಮೂರನೆಯ ಹಂತದ ಮೋಟಾರಿನ ಒಳಗಣ ಒತ್ತಡ.