ರಿಮೋಟ್ ರೇಸ್ ಟ್ರಕ್ಕಿನ ಡಿಫರೆನ್ಷಿಯಲ್: ಎಣ್ಣೆ ದಪ್ಪವೋ, ತೆಳುವೋ?

ಗದ್ದೆಯ ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನು ನೋಡಿದವರಿಗೆ ಇದು ಗೊತ್ತು. ಹಿಂದಿನ ಒಂದು ಚಕ್ರ ಜಾರಿ ಗರಗರ ತಿರುಗುತ್ತಿರುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲುಗುವುದೇ ಇಲ್ಲ. ಆಗ ಚಾಲಕ ಕಾಲಬುಡದ ಡಿಫರೆನ್ಷಿಯಲ್ ಲಾಕ್ ತುಳಿಯುತ್ತಾನೆ. ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮೇಲೆ ಬರುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ರಿಮೋಟ್ ರೇಸ್ ಟ್ರಕ್ಕಿಗೂ ಇದೇ ಕಾಟ. ಆದರೆ ಅಲ್ಲಿ ತುಳಿಯಲು ಪೆಡಲ್ ಇಲ್ಲ. ಆ ಕೆಲಸವನ್ನು ಒಂದೆರಡು ಚಮಚ ಎಣ್ಣೆಯೇ ಮಾಡಬೇಕು.

ನಾವು ಇಲ್ಲಿ ಹೇಳುತ್ತಿರುವುದು ಮಕ್ಕಳ ಆಟಿಕೆಯ ವಿಷಯವಲ್ಲ. ನಿಜವಾದ ಗಾಡಿಯ ಎಂಟನೇ ಒಂದು ಅಳತೆಯ 'ಟ್ರಗ್ಗಿ' ಎಂಬ ವರ್ಗ ಇದು. ಬಗ್ಗಿಯ ಮೈ, ಟ್ರಕ್ಕಿನ ದೊಡ್ಡ ಚಕ್ರ. ತೂಕ ನಾಲ್ಕು ಕಿಲೋ ಆಸುಪಾಸು. ನೈಟ್ರೋ ಇಂಧನದ್ದಾದರೆ 3.5 ಸಿಸಿ ಎಂಜಿನ್, ನಿಮಿಷಕ್ಕೆ 30,000 ಸುತ್ತು ದಾಟುತ್ತದೆ. ವಿದ್ಯುತ್ತಿನದ್ದಾದರೆ ಬ್ರಶ್ ಇಲ್ಲದ ಮೋಟಾರು, ನಾಲ್ಕು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ. ಇದರಲ್ಲಿ ಡಿಫರೆನ್ಷಿಯಲ್ ಒಂದಲ್ಲ, ಮೂರು: ಮುಂದಿನ ಎರಡು ಚಕ್ರಗಳ ನಡುವೆ ಒಂದು, ಹಿಂದಿನವುಗಳ ನಡುವೆ ಒಂದು, ಮುಂದು-ಹಿಂದಿಗೆ ಶಕ್ತಿ ಹಂಚಲು ನಡುವೆ ಇನ್ನೊಂದು.

ಡಿಫರೆನ್ಷಿಯಲ್ ಯಾಕೆ ಬೇಕು? ಎಡ-ಬಲ ಚಕ್ರಗಳ ನಡುವೆ 34 ಸೆಂಟಿಮೀಟರ್ ಅಂತರ ಎಂದುಕೊಳ್ಳಿ. ಅರ್ಧ ಸುತ್ತು ತಿರುಗಿದರೆ ಹೊರಗಿನ ಚಕ್ರ ಒಳಗಿನದ್ದಕ್ಕಿಂತ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಓಡಬೇಕು. ತಿರುವು ಸಣ್ಣದಿರಲಿ ದೊಡ್ಡದಿರಲಿ, ಈ ಲೆಕ್ಕ ಬದಲಾಗದು. ಅರ್ಧ ಅಡಿ ವ್ಯಾಸದ ಚಕ್ರಕ್ಕೆ ಅದು ಎರಡು ಸುತ್ತಿಗಿಂತ ಹೆಚ್ಚು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಯಾವುದಾದರೂ ಒಂದು ಉಜ್ಜಿಕೊಂಡೇ ಹೋಗಬೇಕು, ಗಾಡಿ ತಿರುಗಲು ಹಟ ಮಾಡುತ್ತದೆ.

ಗ್ಯಾರೇಜಿನವರು ಸ್ಟಾರ್ ಪಿನಿಯನ್ ಎನ್ನುವ ಪುಟ್ಟ ಹಲ್ಲುಚಕ್ರಗಳು ಈ ವ್ಯತ್ಯಾಸವನ್ನು ಸರಿದೂಗಿಸುತ್ತವೆ. ಆದರೆ ಅವುಗಳ ನ್ಯಾಯ ಸ್ವಲ್ಪ ವಿಚಿತ್ರ. ಎರಡೂ ಕಡೆಗೆ ಯಾವಾಗಲೂ ಸಮ ಬಲ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅತ್ಯಲ್ಪ ಬಲ ಸಿಗುತ್ತದೆ. ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹೊಸಬರು ಎಂಜಿನ್ ಟ್ಯೂನಿಂಗ್ ಕೆಟ್ಟಿದೆ ಎಂದು ಕಾರ್ಬ್ಯುರೇಟರ್ ತಿರುವಲು ಹೊರಡುವುದು ಇಲ್ಲೇ.

ಪರಿಹಾರವೆಂದರೆ ಡಿಫರೆನ್ಷಿಯಲ್ ಡಬ್ಬಿಯೊಳಗೆ ಸಿಲಿಕೋನ್ ಎಣ್ಣೆ ತುಂಬುವುದು. ಸ್ಟಾರ್ ಪಿನಿಯನ್‌ಗಳು ಈ ಅಂಟು ಎಣ್ಣೆಯನ್ನು ಕಲಸಿಕೊಂಡೇ ತಿರುಗಬೇಕು. ಒಂದು ಚಕ್ರ ಅತಿಯಾಗಿ ಜಾರಿದರೆ ಎಣ್ಣೆ ಅಡ್ಡಿಮಾಡಿ, ಬಲದ ಒಂದು ಪಾಲನ್ನು ನಿಧಾನವಾಗಿರುವ ಚಕ್ರಕ್ಕೆ ತಳ್ಳುತ್ತದೆ. ಎಣ್ಣೆಯ ದಪ್ಪವನ್ನು ಸೆಂಟಿಸ್ಟೋಕ್ಸ್‌ನಲ್ಲಿ ಅಳೆಯುತ್ತಾರೆ. ನೀರು 1 ಆದರೆ ಡಿಫರೆನ್ಷಿಯಲ್ ಎಣ್ಣೆ ಸಾವಿರಗಳ ಲೆಕ್ಕ. 5000 ಎಂದರೆ ಜೇನುತುಪ್ಪದ ಹಾಗೆ ಇಳಿಯುತ್ತದೆ. ಮುಂದೆ 5000, ನಡುವೆ 7000, ಹಿಂದೆ 3000 ಹಾಕಿದರೆ ಓಟಗಾರರು ಅದನ್ನು 'ಐದು-ಏಳು-ಮೂರು' ಎಂದು ಕರೆಯುತ್ತಾರೆ. ಶುರುಮಾಡಲು ಇದು ಒಳ್ಳೆಯ ಜಾಗ.

'ದಪ್ಪ ಎಣ್ಣೆ ಹಾಕಿದರೆ ಹಿಡಿತ ಹೆಚ್ಚು' ಎಂದು ನಂಬಿ ಮೂರಕ್ಕೂ ದಪ್ಪದ್ದನ್ನೇ ಸುರಿಯುವವರಿದ್ದಾರೆ. ಅದು ತಪ್ಪು, ಮೂರರ ಗುಣವೂ ಬೇರೆ ಬೇರೆ. ಮುಂದಿನದ್ದು ತೆಳುವಾದರೆ ಥ್ರಾಟಲ್ ಬಿಟ್ಟು ತಿರುವಿಗೆ ನುಗ್ಗುವಾಗ ಮೂತಿ ಚುರುಕಾಗಿ ತಿರುಗುತ್ತದೆ. ದಪ್ಪವಾದರೆ ನುಗ್ಗುವಾಗ ಮೊಂಡು, ಆದರೆ ಥ್ರಾಟಲ್ ಕೊಟ್ಟು ಹೊರಬರುವಾಗ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆದು ತರುತ್ತವೆ. ಹಿಂದಿನದ್ದು ತೆಳುವಾದರೆ ತಿರುವಿನಲ್ಲಿ ಹಿಂಭಾಗ ನೆಲ ಕಚ್ಚಿರುತ್ತದೆ. ದಪ್ಪವಾದರೆ ನೇರ ಓಟಕ್ಕೆ ಚೆನ್ನ, ತಿರುವಿನಲ್ಲಿ ಥ್ರಾಟಲ್ ಕೊಟ್ಟೊಡನೆ ಬಾಲ ಬೀಸಿ ಗಿರಕಿ ಹೊಡೆಯುವ ಭಯ.

ಹೆಚ್ಚು ಗಮನ ಬೇಕಾದದ್ದು ನಡುವಿನದ್ದಕ್ಕೆ. ಥ್ರಾಟಲ್ ಒತ್ತಿದಾಗ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರಗಳು ಹಗುರಾಗಿ ಸುಮ್ಮನೆ ತಿರುಗತೊಡಗುತ್ತವೆ. ನಡುವಿನ ಎಣ್ಣೆ ತೆಳುವಾಗಿದ್ದರೆ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಆದರೆ ಈ ಸೋರಿಕೆ ಕೆಲವೊಮ್ಮೆ ಉಪಕಾರಿ: ಉಬ್ಬುತಗ್ಗಿನ, ಜಾರುವ ನೆಲದಲ್ಲಿ ಒರಟು ಎಂಜಿನ್ನನ್ನು ಅದು ಮೆದು ಮಾಡುತ್ತದೆ. ಹಿಡಿತ ಚೆನ್ನಾಗಿರುವ ಸಪಾಟು ನೆಲದಲ್ಲಿ 7000 ಅಥವಾ 10,000 ಹಾಕಿದರೆ ಗಾಡಿ ಬಾಣದಂತೆ ಹೊರಡುತ್ತದೆ. ಅದೇ ಎಣ್ಣೆ ಗುಂಡಿ ಬಿದ್ದ ಜಾಡಿನಲ್ಲಿ ಗಾಡಿಯನ್ನು ಕುಪ್ಪಳಿಸುತ್ತದೆ. ಆದ್ದರಿಂದ ಅಮೆರಿಕದ ಚಾಂಪಿಯನ್ ಬಳಸಿದ ಸಂಖ್ಯೆಗಳನ್ನು ನಕಲು ಮಾಡಿ ಪ್ರಯೋಜನವಿಲ್ಲ. ಅವು ಅವನ ಮಣ್ಣಿನ ಲೆಕ್ಕ. ಕಾಸರಗೋಡಿನ ಮುರಕಲ್ಲಿನ ಕೆಂಪು ನೆಲದ ಮೇಲೆ ಹರಳು ಹಾಸಿದ ಹಾಗೆ ಸಡಿಲ ಜಲ್ಲಿ ಇರುತ್ತದೆ. ಅಕ್ಕಲಕೋಟೆ, ಜತ್ತ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎರಡಕ್ಕೂ ಒಂದೇ ಎಣ್ಣೆ ಹೊಂದುವುದು ಹೇಗೆ?

ತುಂಬುವಾಗಲೂ ಎಚ್ಚರ ಬೇಕು. ಡಬ್ಬಿ ತುಂಬಿ ತುಳುಕುವಂತೆ ಹಾಕಬಾರದು. ಸ್ಟಾರ್ ಪಿನಿಯನ್ ಕೂರುವ ಅಡ್ಡ ಪಿನ್ನು ಮುಳುಗಿದರೆ ಸಾಕು. ಬಿಸಿಯಾದಾಗ ಹಿಗ್ಗಲು ಜಾಗವಿಲ್ಲದಿದ್ದರೆ ಎಣ್ಣೆ ಸೀಲು ದಾಟಿ ಹೊರಬರುತ್ತದೆ. ಗಾಳಿಗುಳ್ಳೆ ಮೇಲೆ ಬರುವವರೆಗೆ ಹಾಗೇ ಬಿಟ್ಟು, ಆಮೇಲೆ ಮುಚ್ಚಳ ಬಿಗಿಯಬೇಕು. ಪ್ರತಿ ಸಲವೂ ಅಷ್ಟೇ ಎಣ್ಣೆ ಬೀಳಬೇಕಾದರೆ ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ ಹಾಕುವುದು ಒಳ್ಳೆಯದು.

ಎಣ್ಣೆಯಷ್ಟೇ ಮುಖ್ಯವಾದದ್ದು ಕ್ರೌನ್ ಮತ್ತು ಪಿನಿಯನ್ ನಡುವಿನ ಪ್ಲೇ. ದುಡ್ಡು ಹೋಗುವುದು ಇಲ್ಲೇ. ಪ್ಲೇ ಹೆಚ್ಚಾದರೆ ಭಾರ ಬಿದ್ದಾಗ ಹಲ್ಲು ಹಾರಿ 'ಟಕ್ ಟಕ್' ಎನ್ನುತ್ತದೆ. ಆ ಸದ್ದು ಕೇಳಿದ ಕೂಡಲೇ ಗಾಡಿ ನಿಲ್ಲಿಸಬೇಕು. ಇನ್ನೊಂದು ಸುತ್ತು ಓಡಿಸೋಣ ಎಂದರೆ ಕ್ರೌನಿನ ಹಲ್ಲು ಉಳಿಯುವುದಿಲ್ಲ, ಅದು ಪಕ್ಕದ ಪೇಟೆಯಲ್ಲಿ ಸಿಗುವ ಸಾಮಾನೂ ಅಲ್ಲ. ಪ್ಲೇ ತೀರ ಇಲ್ಲದಿದ್ದರೆ ಕೊರೆಯುವ ಸದ್ದು, ಬಿಸಿ, ಬೇಗ ಸವೆತ. ಕ್ರೌನ್ ಇರುವ ಬದಿಯ ಬೇರಿಂಗಿಗೆ 0.1 ಮಿಲಿಮೀಟರಿನ ತೆಳು ಶಿಮ್ ಸೇರಿಸಿದರೆ ಕ್ರೌನ್ ಪಿನಿಯನ್ನಿನ ಹತ್ತಿರ ಸರಿಯುತ್ತದೆ, ಎದುರು ಬದಿಗೆ ಹಾಕಿದರೆ ದೂರವಾಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಹಿಡಿಯದೆ, ಕೂದಲೆಳೆಯಷ್ಟು ಮಾತ್ರ ಅಲುಗಿದರೆ ಹದ ಸರಿ. ಒಂದು ಪೂರ್ತಿ ಸುತ್ತು ನೋಡಿ, ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ.

ಓಡಿಸುವ ಕೈಯೂ ಹಲ್ಲು ಮುರಿಯುತ್ತದೆ. ದಿಬ್ಬ ಹಾರಿ ಗಾಳಿಯಲ್ಲಿರುವಾಗ ಪೂರ್ತಿ ಥ್ರಾಟಲ್ ಒತ್ತಿಕೊಂಡೇ ನೆಲಕ್ಕೆ ಬಿದ್ದರೆ, ಹುಚ್ಚೆದ್ದು ತಿರುಗುತ್ತಿರುವ ಚಕ್ರಗಳು ಒಮ್ಮೆಲೇ ನೆಲ ಕಚ್ಚುತ್ತವೆ. ಆ ಹೊಡೆತವೆಲ್ಲ ಕ್ರೌನ್ ಪಿನಿಯನ್ನಿಗೆ. ನೈಟ್ರೋ ಗಾಡಿಯ ಕ್ಲಚ್ ಜಾರಿ ಸ್ವಲ್ಪ ಹೊಡೆತ ತಿನ್ನುತ್ತದೆ, ಪೂರ್ತಿ ಕಾಪಾಡುವುದಿಲ್ಲ.

ಎಣ್ಣೆ ಸರಿಯಿದೆಯೇ ಎಂದು ನೋಡಲು ಪ್ರತಿ ಸಲ ಬಿಚ್ಚಬೇಕಿಲ್ಲ. ಗಾಡಿ ಎತ್ತಿ ಹಿಡಿದು ಹಿಂದಿನ ಒಂದು ಚಕ್ರ ತಿರುಗಿಸಿ, ಇನ್ನೊಂದು ಎದುರು ದಿಕ್ಕಿಗೆ ತಿರುಗುತ್ತದೆ. ಮೊದಲಿಗಿಂತ ಸಲೀಸಾಗಿ ತಿರುಗಿದರೆ ಎಣ್ಣೆ ಸೋರಿದೆ. ಗರಗರ ಎಂದು ಕೈಗೆ ತಾಗಿದರೆ ಒಳಗೆ ಹಲ್ಲಿನ ಚೂರು ಇರಬಹುದು. ಬಿಚ್ಚಿದಾಗ ಎಣ್ಣೆ ಬೂದು ಬಣ್ಣಕ್ಕೆ ತಿರುಗಿ ಹೊಳೆಯುವ ಪುಡಿ ಕಂಡರೆ ಬಟ್ಟೆಯಲ್ಲಿ ಒರೆಸಿ ಹೊಸದು ಹಾಕಿದರೆ ಸಾಲದು, ಹಲ್ಲುಚಕ್ರಗಳನ್ನೂ ಬೆಳಕಿಗೆ ಹಿಡಿದು ನೋಡಬೇಕು.

ಬದಲಾಯಿಸುವಾಗ ಒಮ್ಮೆಗೆ ಒಂದೇ ಡಿಫರೆನ್ಷಿಯಲ್. 5000 ತೆಗೆದು 6000 ಹಾಕಿದರೆ ಹೆಚ್ಚಿನವರ ಕೈಗೆ ಗೊತ್ತೇ ಆಗುವುದಿಲ್ಲ, 3000ದಿಂದ 5000ಕ್ಕೆ ಹೋದರೆ ಗೊತ್ತಾಗುತ್ತದೆ. ಅದೇ ಟಯರು, ಅದೇ ಜಾಡು, ಐದಾರು ಸುತ್ತು ಓಡಿಸಿ, ಸಮಯ ಬರೆದಿಡಿ. ಮೊದಲು ನಡುವಿನದ್ದನ್ನು ಹೊಂದಿಸಿ, ಹಿಂದಿನದ್ದಕ್ಕೆ ಆಮೇಲೆ ಕೈ ಹಾಕಿ, ಮುಂದಿನದ್ದು ಕೊನೆಗೆ.