ನಾಲಗೆಯೂ ದ್ರಾಕ್ಷಾರಸವೂ

ಈಚಲುಮರದಿಂದ ಬೆಳಗಿನ ಜಾವದಲ್ಲಿ ಇಳಿಸಿದ ನೀರಾ ಸಿಹಿಯಾಗಿರುತ್ತದೆ. ಅದಕ್ಕೆ ಯಾರೂ ಏನನ್ನೂ ಬೆರೆಸದಿದ್ದರೂ ಹೊತ್ತು ನೆತ್ತಿಗೇರುವಷ್ಟರಲ್ಲಿ ಅದೇ ಮಡಕೆಯಲ್ಲಿ ಸೇಂದಿಯಾಗಿಬಿಡುತ್ತದೆ. ರಾಯಚೂರು ಸೀಮೆಯ ಬಳಗಾನೂರು, ಸಿಂಧನೂರುಗಳ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಕ್ರೈಸ್ತರ ಹಳೆಯ ವಾದವೊಂದು ಈ ಮಡಕೆಯಷ್ಟರಲ್ಲೇ ಅಡಗಿದೆ.

ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ನೋಡಿರಿ. ಪಂಚಾಶತ್ತಮ ಹಬ್ಬದ ದಿನ ಶಿಷ್ಯರು ಪವಿತ್ರಾತ್ಮಭರಿತರಾಗಿ ಮಾತನಾಡಲು, ನಾನಾ ದೇಶಗಳವರು ತಮ್ಮ ತಮ್ಮ ನುಡಿಯನ್ನೇ ಕೇಳಿ ಬೆರಗಾದರು. ಕೆಲವರು ಮಾತ್ರ, ಇವರು ಹೊಸ ದ್ರಾಕ್ಷಾರಸ ಕುಡಿದಿರುವರೆಂದು ಹಾಸ್ಯಮಾಡಿದರು. ಇನ್ನೂ ಬೆಳಗಿನ ಒಂಬತ್ತು ಗಂಟೆಯಷ್ಟೇ ಎಂಬುದು ಪೇತ್ರನ ಉತ್ತರ. ನಾಲಗೆ, ದ್ರಾಕ್ಷಾರಸ ಎಂಬೆರಡು ವಿವಾದಗಳೂ ಹೀಗೆ ಒಂದೇ ಪುಟದಲ್ಲಿ ಕೂಡಿವೆ.

ಹೊಸ ರಸವೆಂದರೆ ಹುಳಿಯದ ರಸವೇ ಎಂದು ಪಾನನಿರೋಧದ ಪಕ್ಷದವರು ವಾದಿಸಿದರು. ಅಮೆರಿಕದ ಮೆಥಡಿಸ್ಟನಾದ ವೆಲ್ಚ್ ಎಂಬಾತನು 1869ರಲ್ಲಿ ದ್ರಾಕ್ಷಿಯ ರಸವನ್ನು ಕಾಯಿಸಿ, ಹುಳಿಯದಂತೆ ಸೀಸೆಯಲ್ಲಿಡುವ ಕ್ರಮವನ್ನು ಪ್ರಭುಭೋಜನಕ್ಕಾಗಿಯೇ ಆರಂಭಿಸಿದನು. ಆದರೆ ಪ್ಯಾಲೆಸ್ತೀನಿನಲ್ಲಿ ದ್ರಾಕ್ಷಿಯ ಸುಗ್ಗಿ ಬೇಸಿಗೆಯ ಕೊನೆಗೆ. ಹಬ್ಬವಾದರೋ ಮೇ, ಜೂನ್ ತಿಂಗಳ ಸುಮಾರಿಗೆ. ಇಷ್ಟು ತಿಂಗಳು ಇಟ್ಟ ರಸ ಹುಳಿಯದೆ ಇದ್ದೀತೆ? ಹುಳಿಯದ ರಸವನ್ನು ಕುಡಿದು ಅಮಲೇರಿದೆ ಎಂದರೆ ಹಾಸ್ಯವೂ ಆಗಲಾರದು. ಹೀಬ್ರೂವಿನ ‘ತೀರೋಷ್’ ಬರಿಯ ಹಣ್ಣಿನ ರಸವೆನ್ನುವವರಿಗೂ ಹೋಶೇಯನ ಗ್ರಂಥ ಅಡ್ಡ ಬರುತ್ತದೆ. ಅದು ಬುದ್ಧಿಗೆಡಿಸುವ ಪದಾರ್ಥಗಳ ಸಾಲಿನಲ್ಲಿ ತೀರೋಷನ್ನೂ ಸೇರಿಸಿದೆ.

ನಮ್ಮ ಭಾಷೆಯಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸನ ಕಾಲದಿಂದ ಕನ್ನಡ ಬೈಬಲಿನ ಕೆಲಸ ನಡೆದುಬಂದಿದೆ. ಬಹು ಪ್ರಚಾರದಲ್ಲಿರುವ ಭಾಷಾಂತರದಲ್ಲಿ ಕಾನಾ ಊರಿನ ಮದುವೆಯಲ್ಲಿ ನೀರು ‘ದ್ರಾಕ್ಷಾರಸ’ವಾಗುತ್ತದೆ, ಎಫೆಸದವರಿಗೆ ಪೌಲನು ಬೇಡವೆನ್ನುವುದು ‘ಮದ್ಯಪಾನ’ವನ್ನು. ಗ್ರೀಕಿನಲ್ಲಿ ಎರಡೆಡೆಯೂ ‘ಓಯ್ನೊಸ್’ ಎಂಬ ಒಂದೇ ಪದ. ಹಣ್ಣಿನ ರಸವನ್ನೂ ಸೂಚಿಸಬಲ್ಲ ಮಾತು ಪವಾಡಕ್ಕೆ, ಅಮಲಿನ ಮಾತು ನಿಷೇಧಕ್ಕೆ! ಕನ್ನಡವನ್ನು ಮಾತ್ರ ಓದುವವನಿಗೆ ವಾದ ಇತ್ಯರ್ಥವಾಗಿಯೇ ಕೈಸೇರುತ್ತದೆ.

‘ಗ್ಲೊಸ್ಸ’ ಎಂಬ ಗ್ರೀಕ್ ಪದಕ್ಕೂ ಇದೇ ಗತಿ. ನಾಲಗೆ ಎಂಬುದು ಅದರ ಮೂಲಾರ್ಥ. ಯೆರೂಸಲೇಮಿನಲ್ಲಿ ಅದು ‘ಭಾಷೆ’. ಕೊರಿಂಥದವರ ಪತ್ರಿಕೆಯಲ್ಲಿ ‘ವಾಣಿ’. ಇಲ್ಲಿ ಭೇದಕ್ಕೆ ಕಾರಣವುಂಟು: ಯೆರೂಸಲೇಮಿನಲ್ಲಿ ಕೇಳಿದವರಿಗೆ ಅರ್ಥವಾಯಿತು, ಕೊರಿಂಥದಲ್ಲಿ ಆಗಲಿಲ್ಲ. ಆದುದರಿಂದಲೇ ಪೌಲನು, ಹೆಚ್ಚೆಂದರೆ ಮೂವರು ಮಾತನಾಡಲಿ, ಅರ್ಥ ಹೇಳುವವನಿಲ್ಲದಿದ್ದರೆ ಸುಮ್ಮನಿರಲಿ ಎಂದು ವಿಧಿಸಿದನು. ಬಳಗಾನೂರಿನ ಸೀಮೆಯಲ್ಲೇ ಇರುವ ಮಸ್ಕಿಯ ಅಶೋಕಶಾಸನವನ್ನು ನೆನೆಯಬಹುದು. ಪ್ರಾಕೃತದ ಆ ಬ್ರಾಹ್ಮೀ ಅಕ್ಷರಗಳು 1915ರಲ್ಲಿ ಬೆಳಕಿಗೆ ಬಂದು ಓದುವವರು ದೊರೆಯುವವರೆಗೆ ಬಂಡೆಯ ಮೇಲಿನ ಗೀರುಗಳೇ ಆಗಿದ್ದುವು.

ಈ ವಾಣಿಯ ಚರ್ಚೆ ದೂರದ ಲಾಸ್ ಏಂಜಲಿಸಿನಲ್ಲಿ 1906ರಲ್ಲಿ ಭುಗಿಲೆದ್ದುದು ಪ್ರಸಿದ್ಧ. ಆದರೆ ಪುಣೆಯ ಬಳಿ ಕೇಡಗಾಂವಿನ ಮುಕ್ತಿಸದನದಲ್ಲಿ 1905ರಲ್ಲೇ ಉಜ್ಜೀವನವೆದ್ದು, ಆ ವರ್ಷಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳೂ ವಾಣಿಗಳನ್ನಾಡಿದರು. ಸದನದ ಒಡತಿ ಪಂಡಿತಾ ರಮಾಬಾಯಿ ಕಾರ್ಕಳದ ಕಡೆಯ ಡೋಂಗ್ರೆ ಮನೆತನದವರು. ಮುಂದೆ ಬೈಬಲನ್ನು ಮೂಲಭಾಷೆಗಳಿಂದ ಮರಾಠಿಗೆ ತಂದವರು. ಪದಪದವನ್ನೂ ತೂಗಬಲ್ಲ ಈ ವಿದುಷಿ, ಅರ್ಥಕ್ಕೆ ನಿಲುಕದ ಆ ನುಡಿಯನ್ನು ತಡೆಯಲಿಲ್ಲ.

ಓಯ್ನೊಸ್ ಮದ್ಯವೇ ಎಂದು ನನ್ನ ಅಭಿಪ್ರಾಯ. ಹಾಗೆಂದ ಮಾತ್ರಕ್ಕೆ ಪಾನನಿರೋಧ ಬೀಳುವುದಿಲ್ಲ. ಸಹೋದರನು ಎಡವುವಂತಿದ್ದರೆ ದ್ರಾಕ್ಷಾರಸವನ್ನೂ ಬಿಡುವುದು ಒಳ್ಳೆಯದೆಂದು ಪೌಲನೇ ರೋಮದವರಿಗೆ ಬರೆದಿದ್ದಾನೆ. ಸೇಂದಿಯನ್ನು ಪ್ರಯಾಸದಿಂದ ಬಿಟ್ಟು ಸಭೆಗೆ ಬಂದ ಕೂಲಿಕಾರನಿಗೆ ಇದು ನಿಘಂಟಿನ ಪ್ರಶ್ನೆಯಲ್ಲ. ಮುದಗಲ್ಲಿನಂತಹ ಹಳೆಯ ಕ್ಯಾಥೊಲಿಕ್ ಸಭೆಗಳಲ್ಲಿ ದ್ರಾಕ್ಷಿಯ ಮದ್ಯವೇ ಆಗಬೇಕೆಂಬ ನಿಯಮವಿದ್ದರೂ ಸಾಮಾನ್ಯವಾಗಿ ಜನರು ರೊಟ್ಟಿಯನ್ನಷ್ಟೇ ಸ್ವೀಕರಿಸುವರು. ಪಾತ್ರೆ ಗುರುವಿನ ಕೈಯಲ್ಲಿ ಉಳಿಯುತ್ತದೆ. ಪ್ರಾಟೆಸ್ಟೆಂಟರಲ್ಲಿ ಅದು ಪ್ರತಿಯೊಬ್ಬನ ತುಟಿಗೂ ಬರುತ್ತದೆ. ಮೆಥಡಿಸ್ಟರು ಅದರಲ್ಲಿ ಹುಳಿಯದ ರಸವನ್ನೇ ತುಂಬುತ್ತ ಬಂದುದು ಇಂತಹವನನ್ನು ನೆನೆದೇ.