ಅಷ್ಟಮಿಯ ಚಂದ್ರ ಅರ್ಧವೇ ಏಕೆ? ತಿಥಿಗಳ ಹಿಂದಿನ ಸೂರ್ಯ-ಚಂದ್ರರ ಲೆಕ್ಕ

ಅಷ್ಟಮಿ, ಚತುರ್ದಶಿ ಬಂತೆಂದರೆ ಜೈನರ ಮನೆಗಳಲ್ಲಿ ಅಡುಗೆಯೇ ಬದಲಾಗುತ್ತದೆ. ಕೆಲವರು ಉಪವಾಸ ಇರುತ್ತಾರೆ, ಕೆಲವರು ಒಪ್ಪೊತ್ತು ಊಟ ಮಾಡುತ್ತಾರೆ, ಹಸಿರು ತರಕಾರಿ ಬಿಡುವವರೂ ಇದ್ದಾರೆ. ಆದರೆ ಆ ದಿನವನ್ನು ಇಂದು ನಾವು ಗುರುತಿಸುವುದು ಗೋಡೆಯ ಕ್ಯಾಲೆಂಡರ್ ಅಥವಾ ಮೊಬೈಲ್ ನೋಡಿ. ಎರಡು ಕ್ಯಾಲೆಂಡರ್‌ಗಳು ಎರಡು ದಿನ ತೋರಿಸಿದರೆ ಮನೆಯಲ್ಲಿ ಗೊಂದಲ ಶುರು. ತಿಥಿ ಎಂದರೇನು ಎಂಬುದು ಸರಿಯಾಗಿ ತಿಳಿದರೆ ಈ ಗೊಂದಲ ಬಹುಪಾಲು ನಿವಾರಣೆಯಾಗುತ್ತದೆ.

ಬೆಳಕು ಸೂರ್ಯನದು

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಅವನ ಮೇಲೆ ಬೀಳುವುದು ಸೂರ್ಯನ ಬೆಳಕು. ಗ್ರಹಣದ ಹೊತ್ತು ಬಿಟ್ಟರೆ ಚಂದ್ರನ ಅರ್ಧಭಾಗ ಸದಾ ಬೆಳಗುತ್ತಲೇ ಇರುತ್ತದೆ, ಅಮಾವಾಸ್ಯೆಯಂದು ಕೂಡ. ಬದಲಾಗುವುದು ಒಂದೇ: ಬೆಳಗಿದ ಆ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದು. ಭೂಮಿಯ ನೆರಳು ಬಿದ್ದು ಚಂದ್ರ ಕ್ಷೀಣಿಸುತ್ತಾನೆ ಎಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ನೆರಳು ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ.

ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ಯಲ್ಲಿ ದಿನರಾಹು, ಪರ್ವರಾಹು ಎಂಬ ಎರಡು ರಾಹುಗಳ ಮಾತು ಬರುತ್ತದೆ. ದಿನದಿನದ ಕ್ಷಯಕ್ಕೆ ಒಂದು, ಗ್ರಹಣಕ್ಕೆ ಇನ್ನೊಂದು. ಇಂದಿನ ಖಗೋಳಶಾಸ್ತ್ರದ ವಿವರಣೆ ಬೇರೆಯಾದರೂ, ಈ ಎರಡನ್ನು ಒಂದೇ ಎಂದು ಬೆರೆಸಬಾರದೆಂಬ ಎಚ್ಚರ ಅಲ್ಲಿಯೂ ಇದೆ.

ಮನೆಯಲ್ಲೇ ನೋಡಿ

ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬು ಉರಿಯಲಿ, ಅದು ಸೂರ್ಯ. ಮಗುವಿನ ಕೈಗೆ ಬಿಳಿ ಚೆಂಡು ಕೊಡಿ, ಅದು ಚಂದ್ರ. ಮಗುವಿನ ತಲೆಯೇ ಭೂಮಿ. ಚೆಂಡನ್ನು ತಲೆಗಿಂತ ತುಸು ಮೇಲೆ, ಕೈ ಚಾಚಿ ಹಿಡಿದು ಬಲ್ಬಿಗೆ ಮುಖಮಾಡಿ ನಿಂತರೆ ಚೆಂಡಿನ ಕತ್ತಲ ಭಾಗ ಮಾತ್ರ ಕಾಣುತ್ತದೆ. ಅದು ಅಮಾವಾಸ್ಯೆ. ಚೆಂಡನ್ನು ಹಾಗೆಯೇ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿದರೆ ಬಲಗಡೆಯ ಅರ್ಧ ಬೆಳಗುತ್ತದೆ. ಅದು ಶುಕ್ಲ ಅಷ್ಟಮಿ. ಬಲ್ಬಿಗೆ ಬೆನ್ನು ಮಾಡಿದರೆ ಹುಣ್ಣಿಮೆ. ಇನ್ನೂ ಕಾಲು ಸುತ್ತಿಗೆ ಕೃಷ್ಣ ಅಷ್ಟಮಿ. ಹುಣ್ಣಿಮೆಯ ಸ್ಥಾನದಲ್ಲಿ ಚೆಂಡನ್ನು ತಲೆಯ ಮಟ್ಟಕ್ಕೆ ಇಳಿಸಿದರೆ ತಲೆಯ ನೆರಳು ಅದರ ಮೇಲೆ ಬೀಳುತ್ತದೆ, ಅದೇ ಗ್ರಹಣ. ಚಂದ್ರನ ಪಥ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣವಾಗುವುದಿಲ್ಲ.

12 ಡಿಗ್ರಿಗೆ ಒಂದು ತಿಥಿ

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಈ ಅವಧಿಯಲ್ಲಿ ಚಂದ್ರ ಸೂರ್ಯನಿಂದ 360 ಡಿಗ್ರಿ ದೂರ ಸರಿದು ಮತ್ತೆ ಸೇರುತ್ತಾನೆ. ಪ್ರತಿ 12 ಡಿಗ್ರಿಗೆ ಒಂದರಂತೆ 30 ತಿಥಿಗಳು. ಶುಕ್ಲ ಅಷ್ಟಮಿ 84ರಿಂದ 96 ಡಿಗ್ರಿಯವರೆಗೆ. ನಡುವೆ ಬರುವ 90 ಡಿಗ್ರಿಯಲ್ಲಿ ಸರಿಯಾಗಿ ಅರ್ಧಚಂದ್ರ.

ದಶಲಕ್ಷಣ ಪರ್ವದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಭಾದ್ರಪದ ಶುಕ್ಲ ಪಂಚಮಿಯಂದು ಚಂದ್ರಬಿಂಬದ ಐದನೇ ಒಂದು ಭಾಗದಷ್ಟು ಬೆಳಗಿರುತ್ತದೆ. ಅನಂತ ಚತುರ್ದಶಿಯ ಹೊತ್ತಿಗೆ ಬಿಂಬ ಬಹುತೇಕ ತುಂಬಿರುತ್ತದೆ. ವೀರ ನಿರ್ವಾಣದ ದೀಪಾವಳಿ ಅಮಾವಾಸ್ಯೆಯ ರಾತ್ರಿ ಚಂದ್ರನೇ ಇಲ್ಲ. ಉತ್ತರದ ಪಂಚಾಂಗಗಳು ಅದನ್ನು ಕಾರ್ತಿಕ ಕೃಷ್ಣ ಅಮಾವಾಸ್ಯೆ ಎನ್ನುತ್ತವೆ, ನಮ್ಮವು ಆಶ್ವಯುಜ ಬಹುಳ ಅಮಾವಾಸ್ಯೆ ಎನ್ನುತ್ತವೆ. ಅಲ್ಲಿ ಮಾಸ ಹುಣ್ಣಿಮೆಗೆ ಮುಗಿಯುತ್ತದೆ, ಇಲ್ಲಿ ಅಮಾವಾಸ್ಯೆಗೆ. ಹೆಸರು ಎರಡಾದರೂ ರಾತ್ರಿ ಒಂದೇ.

ದಿನ ಏಕೆ ಬೇರೆಯಾಗುತ್ತದೆ?

ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ತಿಥಿಯ ಸರಾಸರಿ ಅವಧಿ 23 ಗಂಟೆ 37 ನಿಮಿಷ; ಅದು 20 ಗಂಟೆಯ ಆಸುಪಾಸಿಗೆ ಕುಗ್ಗುವುದೂ ಉಂಟು, 26 ಗಂಟೆ ದಾಟುವುದೂ ಉಂಟು. ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಹಾಗಾಗಿ ಒಂದು ತಿಥಿ ಎರಡು ಸೂರ್ಯೋದಯಗಳಿಗೆ ಸಿಕ್ಕರೆ ವೃದ್ಧಿ, ಒಂದಕ್ಕೂ ಸಿಗದಿದ್ದರೆ ಕ್ಷಯ.

ತಿಥಿ ಬದಲಾಗುವ ಕ್ಷಣ ಜಗತ್ತಿಗೆಲ್ಲ ಒಂದೇ, ಸೂರ್ಯೋದಯ ಮಾತ್ರ ಊರಿಗೊಂದು. ಬೆಂಗಳೂರಿನಲ್ಲಿ ಬುಧವಾರ ಬೆಳಗ್ಗೆ 10ಕ್ಕೆ ಅಷ್ಟಮಿ ಆರಂಭವಾದರೆ ಇಲ್ಲಿ ಅದು ಗುರುವಾರದ ಸೂರ್ಯೋದಯಕ್ಕೆ ಸಿಗುತ್ತದೆ. ಆ ಕ್ಷಣ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಮಂಗಳವಾರ ರಾತ್ರಿ. ಅಲ್ಲಿರುವ ಮಗಳ ಮನೆಯಲ್ಲಿ ಅಷ್ಟಮಿ ಬುಧವಾರವೇ. ಇಬ್ಬರದೂ ಸರಿ.

ಇನ್ನು, ಉದಯದ ನಂತರ ತಿಥಿ ಎಷ್ಟು ಘಳಿಗೆ ಉಳಿದಿದ್ದರೆ ಅಂದು ವ್ರತ ಎಂಬ ನಿಯಮ ಪರಂಪರೆಗಳಲ್ಲಿ ಬೇರೆ ಬೇರೆ ಇದೆ. ಅದಕ್ಕೆ ನಿಮ್ಮ ಬಸದಿಯ ಪುರೋಹಿತರನ್ನೋ, ನೀವು ಅನುಸರಿಸುವ ಜೈನ ಪಂಚಾಂಗವನ್ನೋ ನೋಡಿ. ಆದರೆ ಚಂದ್ರನನ್ನು ಕೇಳುವುದಕ್ಕೆ ಯಾರ ಅನುಮತಿಯೂ ಬೇಡ. ಮುಂದಿನ ಶುಕ್ಲ ಅಷ್ಟಮಿಯ ಸಂಜೆ ಸೂರ್ಯಾಸ್ತದ ಹೊತ್ತಿಗೆ ಮಕ್ಕಳನ್ನು ಮಹಡಿಗೆ ಕರೆದೊಯ್ಯಿರಿ. ಮುಗಿಲಿನ ನಡುವೆ, ಎತ್ತರದಲ್ಲಿ, ಪಶ್ಚಿಮದ ಕಡೆ ಬೆಳಗಿದ ಅರ್ಧಚಂದ್ರ ನಿಂತಿರುತ್ತಾನೆ.